ಒಂದೇ ಹೆಸರೋ, ಬೇರೆ ಬೇರೆ ಹೆಸರೋ: ಫಂಕ್ಷನ್ ಓವರ್‌ಲೋಡಿಂಗ್ ಮತ್ತು ಅದರ ಪರ್ಯಾಯಗಳು

ಬೆಂಗಳೂರಿನಲ್ಲಿ ಆಟೋ ಹತ್ತಿ ‘ನಾಲ್ಕನೇ ಬ್ಲಾಕ್’ ಎಂದಷ್ಟೇ ಹೇಳಿದರೆ, ಯಾವ ನಾಲ್ಕನೇ ಬ್ಲಾಕ್ ಎಂಬ ಪ್ರಶ್ನೆ ಬರುವುದು ಸಹಜ. ಜಯನಗರದಲ್ಲೊಂದು, ಕೋರಮಂಗಲದಲ್ಲೊಂದು, ರಾಜಾಜಿನಗರದಲ್ಲೊಂದು ಇದೆ. ಲಾಲ್‌ಬಾಗಿನ ಪಶ್ಚಿಮ ದ್ವಾರದ ಬಳಿ ಹತ್ತಿದವರನ್ನು ಚಾಲಕರು ಏನೂ ಕೇಳದೆ ಜಯನಗರದ ಕಡೆ ಕರೆದೊಯ್ಯಬಹುದು, ಬಹಳಷ್ಟು ಸಲ ಅದು ಸರಿಯಾಗಿಯೂ ಇರುತ್ತದೆ. ಸರಿಯಿಲ್ಲದ ದಿನ ಮಾತ್ರ ಪ್ರಯಾಣಿಕರಿಗೆ ಅದು ತಿಳಿಯುವುದು ಅರ್ಧ ದಾರಿ ಕಳೆದ ಮೇಲೆ. ಪ್ರೋಗ್ರಾಮಿಂಗ್‌ನಲ್ಲಿ ಫಂಕ್ಷನ್ ಓವರ್‌ಲೋಡಿಂಗ್ ಎಂಬುದು ಇಂಥದೇ ಏರ್ಪಾಡು. ಒಂದೇ ಹೆಸರಿನ ಹಲವು ಫಂಕ್ಷನ್‌ಗಳನ್ನು ಬರೆದು, ಅವುಗಳ ಪ್ಯಾರಾಮೀಟರ್‌ಗಳ (ಫಂಕ್ಷನ್ ತೆಗೆದುಕೊಳ್ಳುವ ಮೌಲ್ಯಗಳ) ಸಂಖ್ಯೆಯೋ ಟೈಪ್‌ಗಳೋ (ಪೂರ್ಣಾಂಕ, ಪಠ್ಯ ಎಂಬಂಥ ಬಗೆಗಳೋ) ಬೇರೆಯಾಗಿರುವಂತೆ ನೋಡಿಕೊಂಡರೆ, ಯಾವ ಕರೆ ಯಾವ ಫಂಕ್ಷನ್‌ಗೆ ಹೋಗಬೇಕೆಂಬುದನ್ನು ಕೋಡನ್ನು ಯಂತ್ರಕ್ಕೆ ಅರ್ಥವಾಗುವ ರೂಪಕ್ಕೆ ತರುವ ಕಂಪೈಲರ್ ತಾನೇ ತೀರ್ಮಾನಿಸುತ್ತದೆ.

ಜಾವಾ ಕಲಿತು ಕೆಲಸಕ್ಕೆ ಸೇರಿದವರು ಗೋ ಅಥವಾ ರಸ್ಟ್ ಬಳಸುವ ತಂಡಕ್ಕೆ ಹೋದಾಗ, ಪೈಥಾನ್‌ನಿಂದ ಕೋಟ್ಲಿನ್‌ಗೆ ಬಂದಾಗ, ಅಥವಾ ನಾಲ್ಕಾರು ಜನ ಸೇರಿ ತಮ್ಮದೇ ಒಂದು ಲೈಬ್ರರಿಯನ್ನು ಕಟ್ಟಲು ಹೊರಟಾಗ ನನ್ನನ್ನು ಕೇಳುವ ಪ್ರಶ್ನೆ ಒಂದೇ: ಒಂದೇ ಕೆಲಸದ ಹಲವು ರೂಪಗಳಿಗೆ ಒಂದೇ ಹೆಸರು ಕೊಡುವುದೋ, ಬೇರೆ ಬೇರೆ ಹೆಸರು ಕೊಡುವುದೋ, ಡೀಫಾಲ್ಟ್ ಮೌಲ್ಯಗಳಿರುವ (ಕರೆಯುವವರು ಕೊಡದಿದ್ದಾಗ ಬಳಕೆಯಾಗುವ ಮೌಲ್ಯಗಳಿರುವ) ಒಂದೇ ಫಂಕ್ಷನ್ ಬರೆಯುವುದೋ, ಇಲ್ಲವೇ ಜೆನೆರಿಕ್ಸ್ (ಎಲ್ಲ ಟೈಪ್‌ಗಳಿಗೂ ಸಲ್ಲುವ ಒಂದೇ ಕೋಡ್) ಕಡೆ ಹೋಗುವುದೋ? ಈ ನಾಲ್ಕು ದಾರಿಗಳನ್ನು ತೂಗಿ ನೋಡುವುದು ಈ ಬರಹದ ಉದ್ದೇಶ.

ಮೊದಲು ಅಳತೆಗೋಲು

ಆಯ್ಕೆಗಳನ್ನು ನೋಡುವ ಮೊದಲು ಯಾವುದರಿಂದ ಅಳೆಯುತ್ತೇವೆ ಎಂಬುದು ನಿಶ್ಚಯವಾಗಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಓದುವವರ ಅನುಕೂಲ: ಫಂಕ್ಷನ್ ಅನ್ನು ಕರೆಯುವ ಸಾಲನ್ನು ಮಾತ್ರ ನೋಡಿದವರಿಗೆ, ಬೇರೆ ಯಾವ ಕಡತವನ್ನೂ ತೆರೆಯದೆ, ಅಲ್ಲಿ ಏನು ನಡೆಯುತ್ತದೆ ಎಂಬುದು ತಿಳಿಯಬೇಕು. ಕೋಡ್ ಬರೆಯುವುದು ಒಮ್ಮೆ, ಓದುವುದು ಹಲವು ಸಲ. ಅದರಲ್ಲೂ ಕೋಡ್ ಪರಿಶೀಲನೆ ಮಾಡುವವರ ಎದುರು ಇರುವುದು ಬದಲಾದ ಕೆಲವೇ ಸಾಲುಗಳು. ಎರಡನೆಯದು, ತಪ್ಪಾದರೆ ಅದು ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು. ಕಂಪೈಲ್ ಮಾಡುವಾಗಲೇ ಸಿಕ್ಕಿದ ತಪ್ಪಿಗೆ ಐದು ನಿಮಿಷ ಸಾಕು; ಏನೂ ಹೇಳದೆ ಬಳಕೆದಾರರ ಮುಂದೆ ಹೋದ ತಪ್ಪಿಗೆ ಎಷ್ಟು ದಿನ ಬೇಕೆಂದು ಯಾರೂ ಮೊದಲೇ ಹೇಳಲಾರರು. ಮೂರನೆಯದು ನಾಳಿನ ಬದಲಾವಣೆಯ ಖರ್ಚು: ಇನ್ನೊಂದು ರೂಪ ಸೇರಿಸಬೇಕಾದಾಗ ಹಳೆಯ ಬಳಕೆದಾರರ ಕೋಡ್ ಮುರಿಯದೆ ಉಳಿಯುತ್ತದೆಯೇ ಎಂಬುದು. ಹೆಸರುಗಳನ್ನು ನೆನಪಿಡುವ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ಆದರೆ ಎಡಿಟರ್‌ಗಳು ಹೆಸರುಗಳನ್ನು ತಾವೇ ಸೂಚಿಸುವ ಈ ಕಾಲದಲ್ಲಿ ಅದಕ್ಕೆ ಮೊದಲಿದ್ದಷ್ಟು ತೂಕವಿಲ್ಲ.

ಓವರ್‌ಲೋಡಿಂಗ್

ಇದರ ಒಳ್ಳೆಯ ಗುಣವನ್ನು ಮೊದಲು ಹೇಳುವುದು ನ್ಯಾಯ. ಸಿ ಭಾಷೆಯಲ್ಲಿ ಓವರ್‌ಲೋಡಿಂಗ್ ಇಲ್ಲ. ಸಂಖ್ಯೆಯ ಚಿಹ್ನೆಯನ್ನು ತೆಗೆದು ಮೌಲ್ಯವನ್ನಷ್ಟೇ ಕೊಡುವ ಕೆಲಸಕ್ಕೆ ಅಲ್ಲಿ ಆಬ್ಸ್, ಲ್ಯಾಬ್ಸ್, ಫ್ಯಾಬ್ಸ್ ಎಂದು ಟೈಪ್‌ಗೊಂದು ಹೆಸರಿದೆ. ದಶಾಂಶ ಸಂಖ್ಯೆಗೆ ಫ್ಯಾಬ್ಸ್ ಬಳಸಬೇಕೆಂಬುದನ್ನು ಮರೆತು ಆಬ್ಸ್‌ಗೆ -3.7 ಕೊಟ್ಟರೆ, ಅದು ಪೂರ್ಣಾಂಕಕ್ಕೆ ಬದಲಾಗಿ 3 ಬರುತ್ತದೆ. ಸಿ++ ನಲ್ಲಿ ಸ್ಟ್ಯಾಂಡರ್ಡ್ ಲೈಬ್ರರಿಯ ಆಬ್ಸ್ ಎಂಬ ಒಂದೇ ಹೆಸರಿನಡಿ ಎಲ್ಲ ಟೈಪ್‌ಗಳ ರೂಪಗಳೂ ಇರುವುದರಿಂದ ಅದೇ ಕರೆಗೆ 3.7 ಸಿಗುತ್ತದೆ. ಎಲ್ಲ ರೂಪಗಳ ಅರ್ಥವೂ ಒಂದೇ ಆಗಿದ್ದು, ಒಳಗೆ ಬರುವ ಟೈಪ್ ಮಾತ್ರ ಬೇರೆಯಾಗಿರುವಾಗ ಓವರ್‌ಲೋಡಿಂಗ್ ತಪ್ಪನ್ನು ತಡೆಯುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಗಣಿತದ ಕೂಡುವ ಚಿಹ್ನೆಯನ್ನು ನಾವು ಯೋಚಿಸದೆ ಬಳಸುವುದೂ ಇದೇ ಕಾರಣಕ್ಕೆ. ಓಕ್ಯಾಮಲ್ ಭಾಷೆಯಲ್ಲಿ ಪೂರ್ಣಾಂಕಗಳನ್ನು ಕೂಡಲು ಒಂದು ಚಿಹ್ನೆ, ದಶಾಂಶಗಳಿಗೆ ಚುಕ್ಕಿ ಸೇರಿದ ಮತ್ತೊಂದು ಚಿಹ್ನೆ. ನಿಷ್ಠುರವಾದ ಆ ವ್ಯವಸ್ಥೆಗೆ ಹೊಸಬರು ಒಗ್ಗಿಕೊಳ್ಳಲು ಸಮಯ ಬೇಕಾಗುತ್ತದೆ.

ವೇಗದ ದೃಷ್ಟಿಯಿಂದಲೂ ಕೆಲವೊಮ್ಮೆ ಇದು ನೆರವಾಗುತ್ತದೆ. 2017ರಲ್ಲಿ ಬಂದ ಜಾವಾ 9ರ ಲಿಸ್ಟ್.ಆಫ್ ಎಂಬ ಫಂಕ್ಷನ್‌ಗೆ ಸೊನ್ನೆಯಿಂದ ಹತ್ತರವರೆಗಿನ ಅಂಶಗಳಿಗೆ ಹನ್ನೊಂದು ರೂಪಗಳು, ಎಷ್ಟು ಬೇಕಾದರೂ ಅಂಶಗಳನ್ನು ತೆಗೆದುಕೊಳ್ಳುವ ಇನ್ನೊಂದು ರೂಪ, ಒಟ್ಟು 12 ಇವೆ. ಸಣ್ಣ ಪಟ್ಟಿಗಳಿಗಾಗಿ ಪ್ರತಿ ಸಲ ತಾತ್ಕಾಲಿಕ ಅರೇ ಸೃಷ್ಟಿಯಾಗುವುದನ್ನು ತಪ್ಪಿಸಲು ಹಾಗೆ ಮಾಡಲಾಗಿದೆ, ಮತ್ತು ಕರೆಯುವವರಿಗೆ ಇದರ ಅರಿವೇ ಇರಬೇಕಾಗಿಲ್ಲ.

ತೊಂದರೆ ಶುರುವಾಗುವುದು ಹೆಸರು ಒಂದೇ ಆಗಿದ್ದು ಅರ್ಥ ಬೇರೆಯಾದಾಗ. ಕನ್ನಡದಲ್ಲಿ ‘ಅಂಗಡಿ ತೆಗೆದರು’ ಎಂದರೆ ಬೆಳಿಗ್ಗೆ ಬಾಗಿಲು ತೆರೆದರು ಎಂದೂ ಆಗಬಹುದು, ಪಾದಚಾರಿ ಮಾರ್ಗದಿಂದ ಎತ್ತಿಸಿದರು ಎಂದೂ ಆಗಬಹುದು; ಮನುಷ್ಯರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಕಂಪೈಲರ್‌ಗೆ ಸಂದರ್ಭವೆಂದರೆ ಟೈಪ್ ಮಾತ್ರ. ಜಾವಾದ ಲಿಸ್ಟ್‌ನಲ್ಲಿ ರಿಮೂವ್ ಎಂಬ ಹೆಸರಿನ ಎರಡು ಫಂಕ್ಷನ್‌ಗಳಿವೆ: ಒಂದು, ಕೊಟ್ಟ ಸ್ಥಾನದಲ್ಲಿರುವ ಅಂಶವನ್ನು ತೆಗೆಯುತ್ತದೆ, ಇನ್ನೊಂದು, ಕೊಟ್ಟ ಅಂಶವನ್ನೇ ಹುಡುಕಿ ತೆಗೆಯುತ್ತದೆ. ಪಟ್ಟಿಯಲ್ಲಿ ಹೆಸರುಗಳಿದ್ದರೆ ಗೊಂದಲವಿಲ್ಲ. ಪಟ್ಟಿಯಲ್ಲೇ ಸಂಖ್ಯೆಗಳಿದ್ದರೆ, ಇಂಟ್ ಎಂಬ ಮೂಲ ಟೈಪ್ ಕೊಟ್ಟಾಗ ಸ್ಥಾನವೆಂದೂ, ಇಂಟಿಜರ್ ಎಂಬ ಆಬ್ಜೆಕ್ಟ್ ಕೊಟ್ಟಾಗ ಅಂಶವೆಂದೂ ಅರ್ಥವಾಗುತ್ತದೆ.

ಇದರ ಪರಿಣಾಮವನ್ನು ನಾನು ಸ್ವತಃ ಅನುಭವಿಸಿದ್ದೇನೆ. ಹಿಂದೆ ನಾನಿದ್ದ ಒಂದು ತಂಡದಲ್ಲಿ ನಗರದ ವಾರ್ಡ್‌ಗಳ ಸಂಖ್ಯೆಗಳನ್ನು 1ರಿಂದ ಅನುಕ್ರಮವಾಗಿ ಒಂದು ಪಟ್ಟಿಯಲ್ಲಿಟ್ಟು, ಸಮೀಕ್ಷೆ ಮುಗಿದ ವಾರ್ಡನ್ನು ಪಟ್ಟಿಯಿಂದ ತೆಗೆಯುತ್ತಿದ್ದೆವು. ಕೋಡ್ ಚೊಕ್ಕಗೊಳಿಸುವ ಸದುದ್ದೇಶದಿಂದ ನಾನೇ ಒಂದು ವೇರಿಯಬಲ್‌ನ ಟೈಪನ್ನು ಇಂಟಿಜರ್‌ನಿಂದ ಇಂಟ್‌ಗೆ ಬದಲಿಸಿದೆ. ಕಂಪೈಲರ್ ಒಪ್ಪಿತು, ಎಚ್ಚರಿಕೆಯನ್ನೂ ಕೊಡಲಿಲ್ಲ. ಅಂದಿನಿಂದ 7ನೇ ವಾರ್ಡಿನ ಸಮೀಕ್ಷೆ ಮುಗಿದಾಗ ಪಟ್ಟಿಯಿಂದ ಹೋದದ್ದು 8ನೇ ವಾರ್ಡು, ಏಕೆಂದರೆ ಎಣಿಕೆ ಸೊನ್ನೆಯಿಂದ ಶುರುವಾಗುವ ಆ ಪಟ್ಟಿಯಲ್ಲಿ ಸ್ಥಾನ 7ರಲ್ಲಿದ್ದದ್ದು 8. ರಿಮೂವ್ ಎಂದು ಬರೆದಿದ್ದ ಸಾಲಿನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಹಾಗಾಗಿ ಪರಿಶೀಲಿಸಿದವರ ಕಣ್ಣಿಗೆ ಆ ಸಾಲು ಬೀಳಲೇ ಇಲ್ಲ. ಮುಗಿದ ವಾರ್ಡಿಗೆ ಜನ ಮತ್ತೆ ಹೋಗಿ, ಮುಗಿಯದ ವಾರ್ಡು ಬಿಟ್ಟುಹೋದ ಮೇಲೆ ನಮಗೆ ವಿಷಯ ತಿಳಿಯಿತು.

ಈ ಬಗೆಯ ಬಲೆಗಳು ಇನ್ನೂ ಇವೆ. ನಿಖರ ದಶಾಂಶ ಲೆಕ್ಕಕ್ಕಾಗಿ ಇರುವ ಜಾವಾದ ಬಿಗ್‌ಡೆಸಿಮಲ್‌ಗೆ 0.1 ಎಂಬ ದಶಾಂಶ ಸಂಖ್ಯೆಯನ್ನು ಕೊಟ್ಟು ಹೊಸ ಆಬ್ಜೆಕ್ಟ್ ರಚಿಸಿದರೆ ಸಿಗುವುದು 0.1000000000000000055511151231257827021181583404541015625, ಅದನ್ನೇ ಉದ್ಧರಣ ಚಿಹ್ನೆಯೊಳಗಿಟ್ಟು ಸ್ಟ್ರಿಂಗ್ ಆಗಿ ಕೊಟ್ಟರೆ ಸಿಗುವುದು ನಿಖರವಾದ 0.1. ಹಣದ ಲೆಕ್ಕ ಮಾಡುವವರಿಗೆ ಈ ಎರಡು ಉದ್ಧರಣ ಚಿಹ್ನೆಗಳ ವ್ಯತ್ಯಾಸ ಚಿಕ್ಕದಲ್ಲ. ಸಿ++ ನಲ್ಲಿ ಬೂಲ್ (ಹೌದು ಅಥವಾ ಅಲ್ಲ ಎಂಬ ಮೌಲ್ಯ) ತೆಗೆದುಕೊಳ್ಳುವ ಒಂದು ರೂಪ, ಸ್ಟ್ಯಾಂಡರ್ಡ್ ಸ್ಟ್ರಿಂಗ್ ತೆಗೆದುಕೊಳ್ಳುವ ಇನ್ನೊಂದು ರೂಪ ಬರೆದು, ಉದ್ಧರಣ ಚಿಹ್ನೆಯೊಳಗಿನ ಪಠ್ಯವನ್ನು ನೇರವಾಗಿ ಕೊಟ್ಟರೆ ಓಡುವುದು ಬೂಲ್ ರೂಪ. ಅಂಥ ಪಠ್ಯ ಕಂಪೈಲರ್‌ಗೆ ಒಂದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ; ಪಾಯಿಂಟರ್‌ನಿಂದ ಬೂಲ್‌ಗೆ ಹೋಗುವ ಭಾಷೆಯ ಸ್ವಂತ ಪರಿವರ್ತನೆಗೆ, ಕ್ಲಾಸ್ ಬರೆದವರು ಕೊಟ್ಟ ಪರಿವರ್ತನೆಗಿಂತ ಮೇಲಿನ ಸ್ಥಾನವಿದೆ. ಸೊನ್ನೆ ಎಂಬುದು ಸಂಖ್ಯೆಯೋ ಖಾಲಿ ಪಾಯಿಂಟರೋ ಎಂಬ ಗೊಂದಲ ಓವರ್‌ಲೋಡ್‌ಗಳ ನಡುವೆ ಎಷ್ಟು ಕಾಡಿತೆಂದರೆ, 2011ರ ಸಿ++ ಮಾನಕದಲ್ಲಿ ನಲ್‌ಪಿಟಿಆರ್ ಎಂಬ ಹೊಸ ಪದವನ್ನೇ ತರಬೇಕಾಯಿತು.

ಓವರ್‌ಲೋಡಿಂಗ್ ಮತ್ತು ಓವರ್‌ರೈಡಿಂಗ್ (ಮೂಲ ಕ್ಲಾಸಿನ ಫಂಕ್ಷನ್ ಅನ್ನು ಅದರಿಂದ ಬಂದ ಕ್ಲಾಸು ತನ್ನ ರೀತಿಯಲ್ಲಿ ಮತ್ತೆ ಬರೆಯುವುದು) ಬೇರೆ ಬೇರೆ ಎಂಬುದನ್ನೂ ಇಲ್ಲಿ ನೆನಪಿಸುವುದು ಅಗತ್ಯ, ಏಕೆಂದರೆ ಅನುಭವಿಗಳೂ ಇಲ್ಲಿ ಎಡವುತ್ತಾರೆ. ಓವರ್‌ಲೋಡ್ ಆಯ್ಕೆಯಾಗುವುದು ಕಂಪೈಲ್ ಸಮಯದಲ್ಲಿ, ವೇರಿಯಬಲ್‌ಗೆ ಬರೆದಿರುವ ಟೈಪ್ ನೋಡಿ; ಓವರ್‌ರೈಡ್ ಆಯ್ಕೆಯಾಗುವುದು ಪ್ರೋಗ್ರಾಮ್ ಓಡುವಾಗ, ಆಬ್ಜೆಕ್ಟ್‌ನ ನಿಜವಾದ ಟೈಪ್ ನೋಡಿ. ಜಾವಾದಲ್ಲಿ ಎರಡು ಆಬ್ಜೆಕ್ಟ್‌ಗಳು ಸಮಾನವೇ ಎಂದು ಹೇಳುವ ಈಕ್ವಲ್ಸ್ ಬರೆಯುವಾಗ ಪ್ಯಾರಾಮೀಟರ್‌ಗೆ ಆಬ್ಜೆಕ್ಟ್ ಎನ್ನುವ ಬದಲು ತಮ್ಮ ಕ್ಲಾಸಿನ ಹೆಸರನ್ನೇ ಬರೆದವರು ಓವರ್‌ರೈಡ್ ಮಾಡಿದೆವೆಂದು ತಿಳಿದು ಓವರ್‌ಲೋಡ್ ಮಾಡಿರುತ್ತಾರೆ, ಹ್ಯಾಶ್‌ಸೆಟ್ (ಒಂದೇ ಅಂಶ ಎರಡು ಸಲ ಸೇರದಂತೆ ಕಾಯುವ ಸಂಗ್ರಹ) ಅವರ ಫಂಕ್ಷನ್ ಅನ್ನು ಎಂದಿಗೂ ಕರೆಯುವುದಿಲ್ಲ. ಓವರ್‌ರೈಡ್ ಎಂಬ ಟಿಪ್ಪಣಿಯನ್ನು ಮೇಲೆ ಬರೆಯುವ ಅಭ್ಯಾಸವಿದ್ದರೆ ಕಂಪೈಲರ್ ಈ ತಪ್ಪನ್ನು ತಕ್ಷಣ ತೋರಿಸುತ್ತದೆ.

ಇತಿಹಾಸದ ಒಂದು ಸಂಗತಿ ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಸಿ++ ನ ಆರಂಭದ ಆವೃತ್ತಿಗಳಲ್ಲಿ ಓವರ್‌ಲೋಡ್ ಮಾಡಬೇಕಾದರೆ ‘ಓವರ್‌ಲೋಡ್’ ಎಂಬ ಪದವನ್ನು ಬರೆದು ಮೊದಲೇ ಘೋಷಿಸಬೇಕಿತ್ತು, 1989ರ 2.0 ಆವೃತ್ತಿಯಲ್ಲಿ ಆ ನಿಯಮವನ್ನು ಕೈಬಿಡಲಾಯಿತು. ಭಾಷೆ ಕೇಳದಿದ್ದರೂ, ಇದನ್ನು ಬೇಕೆಂದೇ ಮಾಡುತ್ತಿದ್ದೇನೆಯೇ ಎಂದು ಬರೆಯುವವರು ತಮ್ಮನ್ನು ಕೇಳಿಕೊಳ್ಳುವುದು ಇಂದಿಗೂ ಒಳ್ಳೆಯದು.

ಬೇರೆ ಬೇರೆ ಹೆಸರುಗಳು

ಗೋ ಮತ್ತು ರಸ್ಟ್ ಈ ದಾರಿಯನ್ನು ಆರಿಸಿಕೊಂಡಿವೆ. ರಸ್ಟ್‌ನಲ್ಲಿ ಖಾಲಿ ವೆಕ್ಟರ್ ಬೇಕಾದರೆ ನ್ಯೂ, ಮೊದಲೇ ಇಷ್ಟು ಜಾಗ ಕಾಯ್ದಿರಿಸಬೇಕಾದರೆ ವಿತ್‌ಕೆಪ್ಯಾಸಿಟಿ. ಜಾವಾದ ಅರೇಲಿಸ್ಟ್‌ಗೆ 10 ಎಂಬ ಸಂಖ್ಯೆ ಕೊಟ್ಟಾಗ ಹತ್ತು ಅಂಶಗಳಿರುವ ಪಟ್ಟಿ ಬರುತ್ತದೆಯೋ, ಹತ್ತಕ್ಕೆ ಜಾಗವಿರುವ ಖಾಲಿ ಪಟ್ಟಿ ಬರುತ್ತದೆಯೋ ಎಂದು ಹೊಸಬರು ತಡವರಿಸುವುದನ್ನು ನೋಡಿದವರಿಗೆ ಈ ಸ್ಪಷ್ಟತೆಯ ಬೆಲೆ ತಿಳಿಯುತ್ತದೆ. ನನ್ನನ್ನು ಕಾಡಿದ ಆ ರಿಮೂವ್‌ಗೂ ಕೋಟ್ಲಿನ್ ಭಾಷೆಯವರು ಇದೇ ಪರಿಹಾರ ಕಂಡುಕೊಂಡರು: ಅಂಶವನ್ನು ತೆಗೆಯಲು ರಿಮೂವ್, ಸ್ಥಾನದಿಂದ ತೆಗೆಯಲು ರಿಮೂವ್‌ಆ್ಯಟ್. ಹುಡುಕಾಟಕ್ಕೂ ಇದು ಅನುಕೂಲ. ದೊಡ್ಡ ಕೋಡ್ ರಾಶಿಯಲ್ಲಿ ಒಂದು ಹೆಸರನ್ನು ಹುಡುಕಿದರೆ ಆ ಒಂದೇ ಫಂಕ್ಷನ್‌ನ ಬಳಕೆಗಳು ಸಿಗುತ್ತವೆ.

ಇದರ ಇನ್ನೊಂದು ಮುಖವೂ ಇದೆ. ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಗೋ ಭಾಷೆಯ ರೆಜೆಕ್ಸ್ ಪ್ಯಾಕೇಜಿನಲ್ಲಿ ಹುಡುಕುವ ಕೆಲಸಕ್ಕೆ 16 ಮೆಥಡ್‌ಗಳಿವೆ. ಒಂದು ಸಿಕ್ಕರೆ ಸಾಕೋ ಎಲ್ಲವೂ ಬೇಕೋ, ಬೈಟ್‌ಗಳೋ ಸ್ಟ್ರಿಂಗೋ, ಒಳಗಿನ ಗುಂಪುಗಳು ಬೇಕೋ ಬೇಡವೋ, ಪಠ್ಯ ಬೇಕೋ ಅದರ ಸ್ಥಾನ ಬೇಕೋ ಎಂಬ ನಾಲ್ಕು ಆಯ್ಕೆಗಳು ಗುಣಿಸಿಕೊಂಡು ಹದಿನಾರಾಗಿವೆ, ಅವುಗಳಲ್ಲಿ ಅತಿ ಉದ್ದದ್ದು ಫೈಂಡ್‌ಆಲ್‌ಸ್ಟ್ರಿಂಗ್‌ಸಬ್‌ಮ್ಯಾಚ್‌ಇಂಡೆಕ್ಸ್. ಹೆಸರಿನ ಪ್ರತಿ ತುಂಡಿಗೂ ಅರ್ಥವಿದೆ, ಓದಿದರೆ ಗೊಂದಲವಿಲ್ಲ. ಆದರೆ ಇನ್ನೊಂದು ಆಯ್ಕೆ ಸೇರಿದರೆ ಮೂವತ್ತೆರಡಾಗುತ್ತದೆ ಎಂಬುದನ್ನು ಮರೆಯಬಾರದು. ರೂಪಗಳು ಎರಡು, ಮೂರು, ಹೆಚ್ಚೆಂದರೆ ನಾಲ್ಕು ಇರುವವರೆಗೆ ಬೇರೆ ಹೆಸರು ಹಿತ. ಆಯ್ಕೆಗಳು ಒಂದರೊಡನೊಂದು ಗುಣಿಸಿಕೊಳ್ಳತೊಡಗಿದರೆ ಮುಂದಿನ ದಾರಿ ನೋಡಬೇಕು.

ಡೀಫಾಲ್ಟ್ ಮೌಲ್ಯ ಮತ್ತು ಹೆಸರಿಸಿದ ಆರ್ಗ್ಯುಮೆಂಟ್

ಪೈಥಾನ್, ಕೋಟ್ಲಿನ್, ಮತ್ತು 2010ರ 4.0 ಆವೃತ್ತಿಯಿಂದ ಸಿ ಶಾರ್ಪ್, ಪ್ಯಾರಾಮೀಟರ್‌ಗೆ ಮೊದಲೇ ಒಂದು ಮೌಲ್ಯ ಕೊಟ್ಟಿಡಲು ಮತ್ತು ಕರೆಯುವಾಗ ಪ್ಯಾರಾಮೀಟರ್‌ನ ಹೆಸರು ಹೇಳಿ ಮೌಲ್ಯ ಕೊಡಲು ಬಿಡುತ್ತವೆ. ಜಾವಾದಲ್ಲಿ ಈ ಸೌಲಭ್ಯವಿಲ್ಲ. ಅಲ್ಲಿ ಕಾಣುವ ಓವರ್‌ಲೋಡ್‌ಗಳಲ್ಲಿ ಎಷ್ಟೋ, ಕಡಿಮೆ ಪ್ಯಾರಾಮೀಟರ್ ಇರುವ ರೂಪವು ಹೆಚ್ಚು ಇರುವ ರೂಪವನ್ನು ಕರೆಯುವ ಮೆಟ್ಟಿಲುಗಳಷ್ಟೇ. ಡೀಫಾಲ್ಟ್ ಮೌಲ್ಯಗಳಿದ್ದರೆ ಆ ಮೆಟ್ಟಿಲುಗಳೆಲ್ಲ ಒಂದೇ ಫಂಕ್ಷನ್‌ನಲ್ಲಿ ಅಡಗುತ್ತವೆ, ದಾಖಲೆಯೂ ಒಂದೇ ಕಡೆ ಸಾಕು. ಓದುವವರ ದೃಷ್ಟಿಯಿಂದ ಹೆಸರಿಸಿದ ಆರ್ಗ್ಯುಮೆಂಟ್ ಎಲ್ಲಕ್ಕಿಂತ ಮೇಲು. ಟಿಕೆಟ್ ಕಾಯ್ದಿರಿಸುವ ಒಂದು ಫಂಕ್ಷನ್‌ಗೆ ಬರಿದೇ ಟ್ರೂ, ಫಾಲ್ಸ್, 2 ಎಂದು ಕೊಟ್ಟಿರುವುದಕ್ಕೂ, ಹವಾನಿಯಂತ್ರಿತ ಟ್ರೂ, ಸ್ಲೀಪರ್ ಫಾಲ್ಸ್, ಆಸನ 2 ಎಂದು ಹೆಸರಿಸಿ ಕೊಟ್ಟಿರುವುದಕ್ಕೂ ಹೋಲಿಕೆಯೇ ಇಲ್ಲ.

ಇಲ್ಲಿ ಎಚ್ಚರ ಬೇಕಾಗುವುದು ಲೈಬ್ರರಿಯನ್ನು ಬೇರೆಯವರಿಗೆ ಕೊಡುವವರಿಗೆ. ಸಿ ಶಾರ್ಪ್‌ನಲ್ಲಿ ಡೀಫಾಲ್ಟ್ ಮೌಲ್ಯವು ಕರೆಯುವವರ ಕೋಡ್‌ನೊಳಗೇ ಕಂಪೈಲ್ ಆಗಿ ಕೂರುತ್ತದೆ. ಕಾಯುವ ಅವಧಿಯನ್ನು 30 ಸೆಕೆಂಡಿನಿಂದ 60ಕ್ಕೆ ಏರಿಸಿ ಹೊಸ ಲೈಬ್ರರಿ ಕೊಟ್ಟರೂ, ಬಳಸುವವರು ಮತ್ತೆ ಕಂಪೈಲ್ ಮಾಡುವವರೆಗೆ ಅವರಿಗೆ 30 ಸೆಕೆಂಡೇ ಗತಿ. ಕೋಟ್ಲಿನ್‌ನಲ್ಲಿ ಈ ತೊಂದರೆಯಿಲ್ಲ, ಆದರೆ ಡೀಫಾಲ್ಟ್ ಇರುವ ಹೊಸ ಪ್ಯಾರಾಮೀಟರ್ ಒಂದನ್ನು ಸೇರಿಸಿದರೆ, ಮೊದಲೇ ಕಂಪೈಲ್ ಆಗಿರುವ ಹಳೆಯ ಕೋಡ್‌ಗೆ ತಾನು ಹುಡುಕುವ ಫಂಕ್ಷನ್ ಸಿಗುವುದಿಲ್ಲ. ಓವರ್‌ಲೋಡಿಂಗ್‌ನಲ್ಲಿ ಹಳೆಯ ರೂಪ ಇದ್ದಲ್ಲೇ ಇರುತ್ತದೆ, ಹೊಸದು ಪಕ್ಕದಲ್ಲಿ ಬಂದು ಸೇರುತ್ತದೆ. ಹೊಂದಾಣಿಕೆ ಕಾಯುವವರಿಗೆ ಇದು ದೊಡ್ಡ ಅನುಕೂಲ. ಪೈಥಾನ್‌ನಲ್ಲಿ ಡೀಫಾಲ್ಟ್ ಮೌಲ್ಯ ರೂಪುಗೊಳ್ಳುವುದು ಫಂಕ್ಷನ್ ವ್ಯಾಖ್ಯಾನವಾಗುವಾಗ ಒಂದೇ ಸಲ; ಖಾಲಿ ಪಟ್ಟಿಯನ್ನು ಡೀಫಾಲ್ಟ್ ಆಗಿ ಇಟ್ಟವರಿಗೆ ಎರಡನೆಯ ಕರೆಯಲ್ಲಿ ಮೊದಲನೆಯ ಕರೆಯ ಸಾಮಾನು ಸಿಗುತ್ತದೆ. ಪ್ಯಾರಾಮೀಟರ್‌ಗಳು ಎಂಟು ಹತ್ತು ದಾಟಿ, ಕೆಲವು ಜೊತೆಯಾಗಿ ಬರಲೇಬೇಕು, ಕೆಲವು ಜೊತೆಯಾಗಿ ಬರಲೇಬಾರದು ಎಂಬ ನಿಯಮಗಳಿದ್ದರೆ, ಅವನ್ನೆಲ್ಲ ಒಂದು ಪ್ರತ್ಯೇಕ ಆಬ್ಜೆಕ್ಟ್‌ನಲ್ಲಿ ಕೂಡಿಸುವ ಬಿಲ್ಡರ್ ಪದ್ಧತಿಯೇ ಮೇಲು.

ಜೆನೆರಿಕ್ಸ್, ಟ್ರೇಟ್, ಟೈಪ್‌ಕ್ಲಾಸ್

ಒಂದೇ ಹೆಸರು ಹಲವು ಟೈಪ್‌ಗಳಿಗೆ ಒದಗುವುದರಲ್ಲಿ ಎರಡು ಬಗೆಯಿದೆ ಎಂದು 1967ರಲ್ಲೇ ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟೋಫರ್ ಸ್ಟ್ರೇಚಿ ಗುರುತಿಸಿದ್ದರು: ಟೈಪ್‌ಗೊಂದು ಬೇರೆ ಕೋಡ್ ಇರುವುದು ಒಂದು ಬಗೆ, ಒಂದೇ ಕೋಡ್ ಎಲ್ಲ ಟೈಪ್‌ಗಳಿಗೂ ಸಲ್ಲುವುದು ಇನ್ನೊಂದು. ಓವರ್‌ಲೋಡಿಂಗ್ ಮೊದಲನೆಯದು, ಜೆನೆರಿಕ್ಸ್ ಎರಡನೆಯದು. ಎರಡರ ನಡುವೆ ಶಿಸ್ತಿನ ಸೇತುವೆ ಕಟ್ಟಿದವರು 1989ರಲ್ಲಿ ಟೈಪ್‌ಕ್ಲಾಸ್‌ಗಳನ್ನು ಮುಂದಿಟ್ಟ ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್. ಹ್ಯಾಸ್ಕೆಲ್ ಭಾಷೆ ಅದನ್ನು ಅಳವಡಿಸಿಕೊಂಡಿತು, ರಸ್ಟ್‌ನ ಟ್ರೇಟ್‌ಗಳು ಅದೇ ವಂಶದವು. ಈ ಪದ್ಧತಿಯಲ್ಲಿ ಹೆಸರಿನ ಜೊತೆಗೆ ಒಂದು ಒಪ್ಪಂದವೂ ಇರುತ್ತದೆ: ಹೋಲಿಸುವ ಟ್ರೇಟ್ ಅನ್ನು ಅಳವಡಿಸುವ ಪ್ರತಿ ಟೈಪೂ ಅದೇ ಆಕಾರದ ಫಂಕ್ಷನ್ ಅನ್ನು ಕೊಡಲೇಬೇಕು. ಅಂದರೆ ಒಂದೇ ಹೆಸರಿನ ಅನುಕೂಲ ಉಳಿದು, ಸ್ಥಾನವೋ ಅಂಶವೋ ಎಂಬಂಥ ಆಕಸ್ಮಿಕಕ್ಕೆ ಜಾಗ ಕಡಿಮೆಯಾಗುತ್ತದೆ.

ಬೆಲೆಯೆಂದರೆ ಕಲಿಕೆಯ ಸಮಯ, ಕೆಲವೊಮ್ಮೆ ಬಿಡಿಸಿಕೊಳ್ಳಲು ಕಷ್ಟವಾದ ದೋಷ ಸಂದೇಶಗಳು. ಎರಡು ಟೈಪ್‌ಗಳಿಗಾಗಿ ಒಂದು ಟ್ರೇಟ್ ಕಟ್ಟುವುದು ಅನಗತ್ಯ ಶ್ರಮ. ಬೇರೆಯವರು ತಮ್ಮ ಟೈಪ್‌ಗಳನ್ನು ತಂದು ಸೇರಿಸುತ್ತಾರೆ ಎಂಬಲ್ಲಿ ಮಾತ್ರ ಅದು ಫಲ ಕೊಡುತ್ತದೆ. ಗೋ ಭಾಷೆಗೂ 2022ರ 1.18 ಆವೃತ್ತಿಯಲ್ಲಿ ಜೆನೆರಿಕ್ಸ್ ಬಂದಿದೆ, ಹಾಗಾಗಿ ಟೈಪ್‌ಗೊಂದು ಹೆಸರಿಟ್ಟು ಅದೇ ಕೋಡ್ ನಕಲು ಮಾಡುವ ಅಗತ್ಯ ಅಲ್ಲೀಗ ಕಡಿಮೆ.

ಯಾರಿಗೆ ಯಾವುದು

ಭಾಷೆಯೇ ಎಷ್ಟೋ ತೀರ್ಮಾನಗಳನ್ನು ಮಾಡಿಬಿಟ್ಟಿರುತ್ತದೆ. ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್‌ನಲ್ಲಿ ಒಂದೇ ಹೆಸರಿನ ಎರಡನೆಯ ಫಂಕ್ಷನ್ ಬರೆದರೆ ಮೊದಲನೆಯದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಪೈಥಾನ್ 3.4ರಿಂದ ಮೊದಲ ಆರ್ಗ್ಯುಮೆಂಟ್‌ನ ಟೈಪ್ ನೋಡಿ ಆರಿಸುವ ಸಿಂಗಲ್‌ಡಿಸ್ಪ್ಯಾಚ್ ಎಂಬ ಸಾಧನವಿದೆ, ಆದರೂ ಅಲ್ಲಿ ಹೆಸರಿಸಿದ ಆರ್ಗ್ಯುಮೆಂಟ್‌ಗಳೇ ಸಹಜ ದಾರಿ.

ಕಾಲೇಜಿನ ಪ್ರಾಜೆಕ್ಟ್ ಮಾಡುವವರು, ಅಥವಾ ಇಬ್ಬರು ಮೂವರು ಸೇರಿ ಬೇಗ ಏನನ್ನಾದರೂ ಮಾಡಿ ತೋರಿಸಬೇಕಾದವರು, ತಮ್ಮ ಭಾಷೆ ಬಿಟ್ಟರೆ ಡೀಫಾಲ್ಟ್ ಮೌಲ್ಯಗಳನ್ನೂ ಹೆಸರಿಸಿದ ಆರ್ಗ್ಯುಮೆಂಟ್‌ಗಳನ್ನೂ ಬಳಸುವುದು ಮೇಲು. ಕೋಡ್ ಕಡಿಮೆ, ಬದಲಿಸುವುದು ಸುಲಭ, ಎಲ್ಲ ಕೋಡೂ ಅವರ ಕೈಯಲ್ಲೇ ಇರುವುದರಿಂದ ಹಳೆಯ ಬಳಕೆದಾರರ ಚಿಂತೆಯಿಲ್ಲ. ಜನ ಬಂದು ಹೋಗುತ್ತಿರುವ ದೊಡ್ಡ ತಂಡಕ್ಕೆ, ಅದೂ ಹಣ, ಆರೋಗ್ಯ, ಸಾರ್ವಜನಿಕ ಸೇವೆಯಂಥ ವಿಷಯದಲ್ಲಿ ಕೆಲಸ ಮಾಡುವವರಿಗೆ, ನಾನು ಬೇರೆ ಬೇರೆ ಹೆಸರುಗಳನ್ನೇ ಶಿಫಾರಸು ಮಾಡುತ್ತೇನೆ. ಅಲ್ಲಿ ಬರೆದವರೇ ನಾಳೆ ಓದಲು ಇರುತ್ತಾರೆಂಬ ಭರವಸೆಯಿಲ್ಲ, ಉದ್ದದ ಹೆಸರಿನಿಂದಾಗುವ ನಷ್ಟ ಅತಿ ಚಿಕ್ಕದು. ಗಣಿತ, ಗ್ರಾಫಿಕ್ಸ್, ಮ್ಯಾಟ್ರಿಕ್ಸ್, ದಿನಾಂಕಗಳ ಲೈಬ್ರರಿ ಬರೆಯುವವರು ಹಿಂಜರಿಯದೆ ಓವರ್‌ಲೋಡ್ ಮಾಡಬಹುದು, ಒಂದು ಪರೀಕ್ಷೆ ಮಾಡಿಕೊಂಡರೆ ಸಾಕು: ಎಲ್ಲ ರೂಪಗಳಿಗೂ ಒಂದೇ ವಾಕ್ಯದ ದಾಖಲೆ ಬರೆಯಲು ಸಾಧ್ಯವೇ? ‘ಕೊಟ್ಟ ಸಂಖ್ಯೆಯ ಚಿಹ್ನೆರಹಿತ ಮೌಲ್ಯ’ ಎಂಬುದು ಒಂದೇ ವಾಕ್ಯ. ‘ಸ್ಥಾನ ಕೊಟ್ಟರೆ ಅಲ್ಲಿರುವುದನ್ನು, ಅಂಶ ಕೊಟ್ಟರೆ ಅದನ್ನೇ’ ಎಂದು ಎರಡಾಗಿ ಒಡೆದರೆ ಹೆಸರೂ ಎರಡಾಗಬೇಕು. ಸಾರ್ವಜನಿಕ ಲೈಬ್ರರಿಯನ್ನು ವರ್ಷಗಟ್ಟಲೆ ನಡೆಸಬೇಕಾದವರು ಪ್ಯಾರಾಮೀಟರ್‌ಗಳ ಸಂಖ್ಯೆ ಬೇರೆಯಾದಾಗ ಮಾತ್ರ ಓವರ್‌ಲೋಡ್ ಮಾಡಿ, ಸಂಖ್ಯೆ ಒಂದೇ ಇದ್ದು ಟೈಪ್ ಮಾತ್ರ ಬೇರೆಯಾಗುವ ರೂಪಗಳಿಗೆ ಬೇರೆ ಹೆಸರು ಕೊಡುವ ನಿಯಮ ಇಟ್ಟುಕೊಂಡರೆ, ಮೇಲೆ ಹೇಳಿದ ಬಲೆಗಳಲ್ಲಿ ಬಹುಪಾಲು ತಪ್ಪುತ್ತವೆ. ಸಿ ಭಾಷೆಯಿಂದಲೋ ಪೈಥಾನ್‌ನಿಂದಲೋ ತಮ್ಮ ಸಿ++ ಲೈಬ್ರರಿಯನ್ನು ಕರೆಯಿಸಬೇಕಾದವರಿಗೆ ಇನ್ನೊಂದು ಮಾತು: ಸಿ++ ಕಂಪೈಲರ್ ಪ್ಯಾರಾಮೀಟರ್‌ಗಳ ಟೈಪನ್ನು ಹೆಸರಿನೊಳಗೇ ಬೆಸೆದು ಹೊಸ ಹೆಸರು ಮಾಡುತ್ತದೆ, ಹೊರಗಿನವರಿಗೆ ಅದು ಗುರುತು ಸಿಗುವುದಿಲ್ಲ, ಗಡಿಯಲ್ಲಿ ನಿಲ್ಲುವ ಫಂಕ್ಷನ್‌ಗಳಿಗೆ ಓವರ್‌ಲೋಡ್ ಇಲ್ಲದ ಸರಳ ಹೆಸರುಗಳನ್ನೇ ಕೊಡಬೇಕಾಗುತ್ತದೆ.

ಈಗಾಗಲೇ ಗೊಂದಲದ ಓವರ್‌ಲೋಡ್‌ಗಳಿರುವ ಕೋಡ್ ಕೈಗೆ ಬಂದಿದ್ದರೆ ಒಂದೇ ಸಲ ಎಲ್ಲವನ್ನೂ ಕಿತ್ತು ಬದಲಿಸುವುದು ಬೇಡ. ಸ್ಪಷ್ಟ ಹೆಸರಿನ ಫಂಕ್ಷನ್ ಅನ್ನು ಪಕ್ಕದಲ್ಲಿ ಸೇರಿಸಿ, ಹಳೆಯದಕ್ಕೆ ಡೆಪ್ರಿಕೇಟೆಡ್ (ಇನ್ನು ಬಳಸಬೇಡಿ) ಎಂಬ ಗುರುತು ಹಾಕಿ, ಎಚ್ಚರಿಕೆ ಕಂಡ ಕಡೆಯೆಲ್ಲ ಒಂದೊಂದಾಗಿ ಬದಲಿಸುತ್ತಾ ಹೋಗಬಹುದು. ವಾರ್ಡ್‌ಗಳ ಪಟ್ಟಿಯ ವಿಷಯದಲ್ಲಿ ಜಾವಾದ ಲಿಸ್ಟ್ ನಮ್ಮ ಕೈಯಲ್ಲಿರಲಿಲ್ಲವಾದ್ದರಿಂದ, ಅದನ್ನು ನಮ್ಮದೇ ಒಂದು ಚಿಕ್ಕ ಕ್ಲಾಸಿನೊಳಗೆ ಮುಚ್ಚಿಟ್ಟು, ವಾರ್ಡ್‌ಸಂಖ್ಯೆಯಿಂದ ತೆಗೆ ಎಂಬ ಅರ್ಥದ ಒಂದೇ ಫಂಕ್ಷನ್ ಅನ್ನು ಹೊರಗೆ ಕಾಣಿಸಿದೆವು. ವಾರ್ಡ್ ಸಂಖ್ಯೆಗೂ ಒಂದು ಸ್ವಂತ ಟೈಪ್ ಮಾಡಿದ ಮೇಲೆ, ಬರಿಯ ಸಂಖ್ಯೆಯನ್ನು ಕೊಟ್ಟರೆ ಕಂಪೈಲರ್ ಆ ಕರೆಯನ್ನೇ ತಿರಸ್ಕರಿಸತೊಡಗಿತು.